ಮುಳ್ಳುಹಂದಿ ಕೊಂಡ ಕೆಂಪು ಕಾರು

ಗುಡ್ಡ ಎಲ್ಲಿ ಮುಗಿಯುತ್ತದೆ, ಹಳ್ಳ ಎಲ್ಲಿ ತಿರುಗುತ್ತದೆ ಎಂದು ಅಲ್ಲೇ ಹುಟ್ಟಿ ಬೆಳೆದ ಆನೆಗಳಿಗೂ ಸರಿಯಾಗಿ ಗೊತ್ತಿಲ್ಲದಷ್ಟು ದೊಡ್ಡದೊಂದು ಕಾಡಿನಲ್ಲಿ ಮೊನೆಯಪ್ಪ ಎಂಬ ಮುಳ್ಳುಹಂದಿ ಇದ್ದ. ಅವನ ಹೆಂಡತಿ ಸೂಜವ್ವ. ಇಬ್ಬರೂ ಕಷ್ಟಜೀವಿಗಳು. ಬೆಳಗಿನಿಂದ ಸಂಜೆವರೆಗೆ ನೆಲ ಅಗೆದು ಗೆಡ್ಡೆಗೆಣಸು ಕೂಡಿಡುತ್ತಿದ್ದರು. ಆ ಕಾಡಿನಲ್ಲಿ ಗೆಡ್ಡೆಯೇ ಊಟ, ಗೆಡ್ಡೆಯೇ ದುಡ್ಡು. ಅವರ ಬಿಲದಲ್ಲಿ ಐದು ಗುಂಡಿ ತುಂಬ ಗೆಡ್ಡೆ ಇತ್ತು. ಮಳೆಗಾಲದ ಮೂರು ತಿಂಗಳು ನೆಲವೆಲ್ಲ ಕೆಸರಾಗುತ್ತದೆ. ಆಗ ತಿನ್ನಲು ತಿಂಗಳಿಗೊಂದರಂತೆ ಮೂರು ಗುಂಡಿ ಬೇಕೇ ಬೇಕು. ಮಿಕ್ಕ ಎರಡು ಗುಂಡಿ ಉಳಿತಾಯ.

ಮೊನೆಯಪ್ಪನಿಗೆ ಇದ್ದದ್ದು ಒಂದೇ ಕೊರಗು. ಅವನ ನಡಿಗೆ ಬಹಳ ನಿಧಾನ. ವಾರದ ಸಂತೆಗೆ ಅವನು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರು. ಮೊಲಗಳಂತೂ ದಾರಿಯಲ್ಲೇ ಸಾಲಾಗಿ ನಿಂತು, "ಏನು ಮೊನೆಯಪ್ಪಣ್ಣ, ಹೋದ ವಾರದ ಸಂತೆಗೆ ಬಂದ್ಯಾ?" ಎಂದು ಹಲ್ಲು ಕಿರಿಯುತ್ತಿದ್ದವು. ಅವನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಇದನ್ನು ಗಮನಿಸಿದ್ದವನು ಪರಿಮಳಯ್ಯ ಎಂಬ ಪುನುಗುಬೆಕ್ಕು. ಅವನ ಮೈಯಿಂದ ಸದಾ ಘಮಘಮ ಪರಿಮಳ ಬರುತ್ತಿತ್ತು, ಬಾಯಿಂದ ಸದಾ ಸವಿಮಾತು. ಒಂದು ದಿನ ಅವನು ಸಂತೆಗೆ ಒಂದು ಕೆಂಪು ಕಾರು ತಂದು ನಿಲ್ಲಿಸಿದ. ಅಬ್ಬಬ್ಬಾ, ಅದೆಂಥ ಕಾರು! ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗಿತ್ತು. ಚಕ್ರಗಳು ಕುಂಬಳಕಾಯಿಯಷ್ಟು ದಪ್ಪ. ಬೆನ್ನಿನ ಮೇಲೆ ಒಂದು ರೆಕ್ಕೆ ಬೇರೆ. ಸೈಲೆನ್ಸರ್ ಗುಡುಗಿದರೆ ಮರದ ಮೇಲಿನ ಮಂಗಗಳು ಕೆಳಗಿನ ಕೊಂಬೆಗೆ ಇಳಿಯುತ್ತಿದ್ದವು.

"ಇದು ಮಾಮೂಲಿ ಕಾರಲ್ಲ ಮಾರಾಯ, ರೇಸಿಗೆ ಅಂತಲೇ ಮಾರ್ಪಾಡು ಮಾಡಿಸಿದ್ದು," ಎಂದ ಪರಿಮಳಯ್ಯ. "ಎಂಜಿನ್‌ಗೆ ಗಾಳಿ ಊದಿ ವೇಗ ಕೊಡೋ ದೊಡ್ಡ ಟರ್ಬೋ, ಬಿಗಿ ಗೇರ್‌ಬಾಕ್ಸ್. ಚಿರತೆ ಬೆನ್ನಟ್ಟಿದರೂ ಇದರ ಧೂಳು ಮಾತ್ರ ಸಿಗುತ್ತೆ. ನಿನಗೆ ಅಂತ ಎರಡೇ ಗುಂಡಿಗೆ ಕೊಡ್ತೀನಿ. ಬೇರೆಯವರಿಗಾದರೆ ನಾಲ್ಕು."

ಸೂಜವ್ವ ಗಂಡನ ಕೈ ಹಿಡಿದೆಳೆದಳು. "ಮರಕುಟಿಗನ ಹತ್ತಿರ ಒಂದು ಸಲ ತೋರಿಸಿ ಆಮೇಲೆ ತಗೊಳ್ಳೋಣ. ಅವನು ಎಂಜಿನ್ ಕುಟ್ಟಿ ನೋಡಿ ಒಳಗೇನಿದೆ ಅಂತ ಹೇಳ್ತಾನೆ."

"ಮೂಗು ಇರುವಾಗ ಕೊಕ್ಕು ಯಾಕೆ ತಾಯಿ?" ಎಂದು ಪರಿಮಳಯ್ಯ ನಕ್ಕ.

ಆ ಕಾಡಿನ ಪದ್ಧತಿಯೇ ಹಾಗಿತ್ತು. ಏನೇ ಕೊಳ್ಳುವುದಿದ್ದರೂ ಕೊಳ್ಳುವವನು ಅದನ್ನು ಮೂರು ಸಲ ಮೂಸಬೇಕು. ಮೂರನೇ ಮೂಸಿಗೆ ವ್ಯಾಪಾರ ಮುಗಿದ ಹಾಗೆ. ಮಾಲು ವಾಪಸ್ ಇಲ್ಲ. ಇದಕ್ಕೆ ವಿನಾಯಿತಿ ಒಂದೇ. ದೋಷ ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದಾನೆ ಎಂದು ಸಾಬೀತಾದರೆ ಮಾರಿದವನು ಎರಡರಷ್ಟು ಹಿಂದಿರುಗಿಸಬೇಕು. ಆದರೆ ಅವನಿಗೆ ಗೊತ್ತಿತ್ತು ಎಂದು ತೋರಿಸುವುದು ಹೇಗೆ? ಹಾಗಾಗಿ ಆ ನಿಯಮ ಯಾವತ್ತೂ ಬಳಕೆಗೆ ಬಂದಿರಲಿಲ್ಲ.

ಮೊನೆಯಪ್ಪ ಬಾನೆಟ್ಟು ಮೂಸಿದ. ಘಮಘಮ! ಸೀಟು ಮೂಸಿದ. ಘಮಘಮ! ಹಿಂದಿನ ರೆಕ್ಕೆ ಮೂಸಿದ. ಅಲ್ಲೂ ಘಮಘಮ. ಪರಿಮಳಯ್ಯ ಬೆಳಗ್ಗೆಯೇ ಇಡೀ ಕಾರಿಗೆ ತನ್ನ ಮೈ ಉಜ್ಜಿ ಬಂದಿದ್ದ ಎಂದು ಪಾಪ ಅವನಿಗೇನು ಗೊತ್ತು? ಎರಡು ಗುಂಡಿ ಗೆಡ್ಡೆ ಕೈ ಬದಲಾಯಿತು. ಆ ಸಂಜೆ ಮೊನೆಯಪ್ಪ ಮೊಲಗಳನ್ನು ಹಿಂದೆ ಹಾಕಿ ಮನೆಗೆ ಹೋದ. ಅವನ ಜನ್ಮದಲ್ಲಿ ಅಂಥ ಖುಷಿ ಅವನು ಕಂಡಿರಲಿಲ್ಲ.

ಖುಷಿ ನಾಲ್ಕು ದಿನ ಬಾಳಿತು. ಐದನೇ ದಿನ ಏರು ಹತ್ತುವಾಗ ಬಾನೆಟ್ಟು ಬಿಸಿಯಾಯಿತು, ಪರಿಮಳ ಆವಿಯಾಯಿತು, ಅದರ ಹಿಂದಿನಿಂದ ಸುಟ್ಟ ಎಣ್ಣೆಯ ಕಮಟು ಮೂಗಿಗೆ ಬಡಿಯಿತು. ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮೆಕಾನಿಕ್ ಮರಕುಟಿಗ ಹಾರಿ ಬಂದು ಅಲ್ಲಿ ಇಲ್ಲಿ ಟಕ್ ಟಕ್ ಎಂದು ಕುಟ್ಟಿ ನೋಡಿದ.

"ಟರ್ಬೋ ಸೀದು ಹೋಗಿದೆ ಮೊನೆಯಪ್ಪಣ್ಣ. ಹೊಸದು ಹಾಕಬೇಕು. ಒಂದು ಗುಂಡಿ ಆಗುತ್ತೆ."

"ಒಂದು ಗುಂಡೀನಾ! ನಮ್ಮ ಕರಡಿಯವರ ಹಳೇ ಜೀಪು ನೀನು ಒಂದು ಬುಟ್ಟಿಗೆ ರಿಪೇರಿ ಮಾಡಿ ಕೊಟ್ಟೆಯಲ್ಲ?"

"ಅದು ಮಾಮೂಲಿ ಜೀಪು, ಮಾಮೂಲಿ ಸಾಮಾನು ಸಾಕು. ಇದಕ್ಕೆ ಯಾರೋ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದ್ದಾರೆ. ಎಂಜಿನ್ ಒಂದು ಕಾರಿನದು, ಕ್ಲಚ್ ಇನ್ನೊಂದರದು. ಪ್ರತಿ ನಟ್ಟನ್ನೂ ಹುಡುಕಿಕೊಂಡು ನಾನು ಮೂರು ಗುಡ್ಡ ಹಾರಬೇಕು."

ಮಳೆಗಾಲದ ಒಂದು ಗುಂಡಿ ಖಾಲಿಯಾಯಿತು. "ಇಷ್ಟು ಹಾಕಿದ್ದಾಯಿತು, ಇನ್ನು ಬಿಡೋದು ಹೇಗೆ?" ಎಂದ ಮೊನೆಯಪ್ಪ. ಹೊಸ ಟರ್ಬೋದ ರಭಸಕ್ಕೆ ಹಳೆಯ ಎಂಜಿನ್ ತಡೆಯಲಿಲ್ಲ. ಹತ್ತೇ ದಿನಕ್ಕೆ ಅದರ ಒಳಗಿನದೆಲ್ಲ ಕಡಿದು ಬಂತು. ಇನ್ನೊಂದು ಗುಂಡಿಯೂ ಹೋಯಿತು. ಈಗ ಉಳಿದದ್ದು ಒಂದೇ ಗುಂಡಿ. ಬಡಗಣ ಗುಡ್ಡದ ಮೇಲೆ ಮೋಡ ಕಟ್ಟತೊಡಗಿತ್ತು.  ಸೂಜವ್ವ ತನ್ನ ಪಾಲಿನ ಗೆಡ್ಡೆಯಲ್ಲಿ ಅರ್ಧ ಮುರಿದು ಗಂಡನ ಎಲೆಗೆ ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಮೊನೆಯಪ್ಪನಿಗೆ. ನಾಚಿಕೆಯಿಂದ ಅವನ ಮುಳ್ಳುಗಳೆಲ್ಲ ಮಲಗಿಬಿಟ್ಟವು.

ಮಾರನೆಯ ದಿನ ಮರಕುಟಿಗ ಕಾರಿನ ಅಡಿಗೆ ತೂರಿ, ಗೇರ್‌ಬಾಕ್ಸ್ ಕುಟ್ಟಿ, ಮುಖ ಸಣ್ಣದು ಮಾಡಿಕೊಂಡು ಹೊರಬಂದ. "ಅಣ್ಣ, ಇದು ಅಡ್ಡಡ್ಡ ಬಿರುಕು ಬಿಟ್ಟಿದೆ. ಯಾರೋ ಮರದ ಅಂಟು ತುಂಬಿ ಮೇಲೆ ಬಣ್ಣ ಬಳಿದಿದ್ದಾರೆ. ಕುಟ್ಟದೆ ಹೋದರೆ ಯಾರಿಗೂ ಕಾಣಲ್ಲ. ಇವತ್ತೋ ನಾಳೆಯೋ ಕಳಚಿ ಬೀಳುತ್ತೆ."

"ಸದ್ಯಕ್ಕೆ ಇದನ್ನು ಯಾರಿಗೂ ಹೇಳಬೇಡ ಮಾರಾಯ," ಎಂದು ಮೊನೆಯಪ್ಪ ಸೀಟಿನ ಮೇಲೆ ಕುಸಿದ. ಅವನ ಮುಳ್ಳು ತಾಗಿ ಸೀಟು ಹರಿಯಿತು. ಒಳಗಿನಿಂದ ಉದ್ದನೆಯ ಕಪ್ಪು ಕೂದಲು, ಒಣಗಿದ ಜೇನುರೊಟ್ಟಿನ ಚೂರು ಉದುರಿತು. ಬಾಗಿಲನ್ನು ಕೆರೆದು ನೋಡಿದ. ಕೆಂಪು ಬಣ್ಣದ ಕೆಳಗೆ ನೀಲಿ ಬಣ್ಣ ಇತ್ತು. ಕಪ್ಪು ಕೂದಲು, ಜೇನು! ಮೊನೆಯಪ್ಪ ನೇರವಾಗಿ ಗುಡ್ಡದಾಚೆಯ ಗುಹೆಗೆ ನಡೆದ.

ಗುಹೆಯಲ್ಲಿದ್ದವನು ದೊಡ್ಡಯ್ಯ ಕರಡಿ. ಸಂತೆಯ ನ್ಯಾಯ ಹೇಳುವ ಹಿರಿಯ. ಕೂದಲು ಕಂಡದ್ದೇ ಅವನು ತಲೆ ತಗ್ಗಿಸಿದ.

"ಹೌದಪ್ಪ, ಹೋದ ವರ್ಷ ನಾನೂ ಕೊಂಡಿದ್ದೆ. ಆಗ ನೀಲಿ ಬಣ್ಣ ಇತ್ತು. ಇಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಪಕ್ಕದ ಕಾಡಿಗೆ ಒಯ್ದು ಮೂರು ಗುಂಡಿ ಗೆಡ್ಡೆ ರಿಪೇರಿಗೇ ಸುರಿದೆ. ಕೊನೆಗೆ ಆ ಪರಿಮಳಯ್ಯನೇ ಬಂದು, 'ಅಯ್ಯೋ ಪಾಪ, ಗುಜರಿಗೆ ಹಾಕ್ತೀನಿ' ಅಂತ ಒಂದು ಬುಟ್ಟಿ ಕೊಟ್ಟು ತಗೊಂಡು ಹೋದ."

"ಯಾರಿಗೂ ಯಾಕೆ ಹೇಳಲಿಲ್ಲ ದೊಡ್ಡಯ್ಯ?"

"ಊರಿಗೆಲ್ಲ ನ್ಯಾಯ ಹೇಳುವವನೇ ಮೋಸ ಹೋದ ಅಂದರೆ ನಗೋದಿಲ್ವಾ?"

ಮೊನೆಯಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನೀವು ನಾಚಿಕೊಂಡು ಸುಮ್ಮನಿದ್ದಿರಿ, ನನ್ನ ಮಳೆಗಾಲದ ಗೆಡ್ಡೆ ಹೋಯಿತು. ನಾನೂ ಸುಮ್ಮನಿದ್ದರೆ ನಾಳೆ ಇನ್ಯಾರದೋ ಹೋಗುತ್ತೆ." ಕರಡಿಗೆ ಈ ಮಾತು ಚೆನ್ನಾಗಿಯೇ ನಾಟಿತು. ಇಬ್ಬರೂ ಕುಳಿತು ಬಹಳ ಹೊತ್ತು ಮಾತಾಡಿದರು.

ಮುಂದಿನ ಸಂತೆಗೆ ಮೊನೆಯಪ್ಪ ಕಾರನ್ನು ಮೆಲ್ಲಗೆ ಉರುಳಿಸಿಕೊಂಡು ಬಂದ. ಪರಿಮಳಯ್ಯ ಆಗಲೇ ಮೀಸೆ ನೀವಿಕೊಂಡು ಕಾಯುತ್ತಿದ್ದ.

"ತೊಂದರೆ ಕೊಡ್ತಿದೆಯಾ ಮೊನೆಯಪ್ಪ? ನಿನ್ನ ಮುಖ ನೋಡೋಕಾಗಲ್ಲ. ಒಂದು ಬುಟ್ಟಿ ಕೊಡ್ತೀನಿ, ಗುಜರಿಗೆ ಹಾಕ್ತೀನಿ."

"ಬೇಡಪ್ಪ. ಎರಡು ಗುಂಡಿ ಕೊಟ್ಟವರಿಗೆ ಕೊಡ್ತೀನಿ," ಎಂದು ಮೊನೆಯಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. "ಟರ್ಬೋ ಹೊಸದು, ಎಂಜಿನ್ ಒಳಗೆಲ್ಲ ಹೊಸದು. ಇನ್ನೇನಾದರೂ ದೋಷ ಇದೆ ಅಂತ ಗೊತ್ತಿದ್ದವರು ಈಗಲೇ ಹೇಳಿ!"

ಯಾರೂ ಮಾತಾಡಲಿಲ್ಲ. ಕರಡಿ ಗಂಭೀರವಾಗಿ ಮುಂದೆ ಬಂದ. "ಎಲ್ಲಿ, ನಾನು ನೋಡ್ತೀನಿ," ಎಂದು ಬಾನೆಟ್ಟು ಮೂಸಿದ. ಅದು ಒಂದನೇ ಮೂಸು. ಸೀಟು ಮೂಸಿದ. ಎರಡನೇ ಮೂಸು.

ಪರಿಮಳಯ್ಯ ಒಂದೊಂದೇ ಹೆಜ್ಜೆ ಹತ್ತಿರ ಸರಿದ. ಹೊಸ ಟರ್ಬೋ, ಹೊಸ ಎಂಜಿನ್! ಇನ್ನೊಂದು ಸಲ ಬಣ್ಣ ಬಳಿದರೆ ಐದು ಗುಂಡಿಗೆ ಮಾರಬಹುದಾದ ಮಾಲು ಕೈತಪ್ಪಿ ಹೋಗುತ್ತಿದೆ! ಕರಡಿಯ ಮೂಗು ರೆಕ್ಕೆಯ ಹತ್ತಿರ ಬಂತು. ಆಸೆಬುರುಕನಿಗೆ ತಡೆಯಲಾಗಲಿಲ್ಲ. ಚಂಗನೆ ನಡುವೆ ಹಾರಿದ.

"ಮೂಸಬೇಡಿ ದೊಡ್ಡಯ್ಯ, ಮೂಸಬೇಡಿ! ಇದು ಮೋಸದ ಮಾಲು. ಗೇರ್‌ಬಾಕ್ಸ್ ಅಡ್ಡಡ್ಡ ಸೀಳಿದೆ. ಒಳಗೆ ಬರೀ ಮರದ ಅಂಟು, ಮೇಲೆ ಬಣ್ಣ!"

 ಕರಡಿ ನಿಧಾನವಾಗಿ ಮೂಗು ಹಿಂದೆ ತೆಗೆದ. "ಮರಕುಟಿಗ, ಇವನು ಹೇಳಿದ್ದು ನಿಜವೇ?"

"ನಿಜ ದೊಡ್ಡಯ್ಯ. ಆದರೆ ಮೊನ್ನೆ ಅಡಿಗೆ ತೂರಿ ಕುಟ್ಟಿದ ಮೇಲೆ ನನಗೇ ಗೊತ್ತಾಗಿದ್ದು. ಹೇಳಿದ್ದು ಮೊನೆಯಪ್ಪಣ್ಣನಿಗೆ ಮಾತ್ರ."

ಮೊನೆಯಪ್ಪ ತನ್ನ ಎಂದಿನ ನಿಧಾನದಲ್ಲಿ ಪುನುಗುಬೆಕ್ಕಿನ ಎದುರಿಗೆ ಬಂದು ನಿಂತ. "ನಾನು ಕೊಂಡ ಮೇಲೆ ಇದನ್ನು ನೀನು ಮುಟ್ಟಿಲ್ಲ, ಅಡಿಗೆ ಬಗ್ಗಿ ನೋಡಿಲ್ಲ. ಅಂಟು ತುಂಬಿರೋದು ನಿನಗೆ ಹೇಗೆ ಗೊತ್ತಾಯಿತು ಪರಿಮಳಯ್ಯ?"

ಪರಿಮಳಯ್ಯ ಬಾಯಿ ತೆರೆದ. ಮೊದಲ ಬಾರಿಗೆ ಅದರಿಂದ ಬಂದದ್ದು ಸವಿಮಾತಲ್ಲ, ಬರೀ ತೊದಲು. 

"ನ್ಯಾಯ ಹೇಳುವ ಮೊದಲು ಒಂದು ಮಾತು," ಎಂದು ಕರಡಿ ಗಂಟಲು ಸರಿಮಾಡಿಕೊಂಡ. "ಈ ಕಾರು ನನ್ನನ್ನೂ ಬೋಳಿಸಿದೆ. ನಗುವವರು ನಕ್ಕುಬಿಡಿ." ಯಾರೂ ನಗಲಿಲ್ಲ. ಬದಲಿಗೆ ಹಿಂದಿನ ಸಾಲಿನಿಂದ ಕಾಡುಹಂದಿ, "ನನ್ನನ್ನೂ!" ಎಂದ. "ನನ್ನ ಕಾಲದಲ್ಲಿ ಇದು ಹಳದಿ ಇತ್ತು!" ಆಮೇಲೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. ಕರಡಿಯೂ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ವರ್ಷದಿಂದ ಹೊತ್ತಿದ್ದ ಭಾರ ಇಳಿದು ಅವನಿಗೆ ಹಾಯೆನಿಸಿತು.

ತೀರ್ಪು ಹೊರಬಿತ್ತು. ಪರಿಮಳಯ್ಯ ಮೂವರಿಗೂ ಎರಡರಷ್ಟು ಗೆಡ್ಡೆ ಹಿಂದಿರುಗಿಸಬೇಕು, ಮೊದಲು ಮೊನೆಯಪ್ಪನಿಗೆ. ಕಾರನ್ನು ಪರಿಮಳಯ್ಯನೇ ಇಟ್ಟುಕೊಳ್ಳಬೇಕು. ಅವನು ಜಂಬದಿಂದಲೇ ಅದನ್ನು ಹತ್ತಿ ಹೊರಟ. ಮೊದಲ ಏರಿನಲ್ಲೇ ಗೇರ್‌ಬಾಕ್ಸ್ ಧಡಾರನೆ ಕಳಚಿ ಬಿತ್ತು. ಅಷ್ಟರಲ್ಲಿ ಮಳೆಯೂ ಸುರಿಯಿತು. ಕಾರನ್ನು ಹಿಂದಿನಿಂದ ನೂಕುತ್ತ ಕೆಸರಲ್ಲಿ ಜಾರಿ ಬಿದ್ದ ಪರಿಮಳಯ್ಯನ ಮೈಯಿಂದ ಬಂದದ್ದು ಸುಟ್ಟ ಎಣ್ಣೆಯ ನಾತ ಮಾತ್ರ. ಬಚ್ಚಿಟ್ಟ ಗೆಡ್ಡೆಯೆಲ್ಲ ಮೊನೆಯಪ್ಪನ ನಾಲ್ಕು ಗುಂಡಿಗೇ ಮುಗಿದುಹೋಯಿತು. ಮಿಕ್ಕ ಇಬ್ಬರ ಸಾಲ ತೀರಿಸಲು ಆ ಮಳೆಗಾಲವಿಡೀ ಅವನು ಕೆಸರು ಅಗೆದ.

ಮೊನೆಯಪ್ಪನ ಬಿಲದಲ್ಲಿ ಮತ್ತೆ ಐದು ಗುಂಡಿ ತುಂಬಿದವು. ಸೂಜವ್ವ ಆವತ್ತು ಎರಡು ಇಡೀ ಗೆಡ್ಡೆ ಸುಟ್ಟು ಬಡಿಸಿದಳು. ಮಳೆ ನಿಂತ ಮೇಲೆ ಗಂಡ ಹೆಂಡಿರಿಬ್ಬರೂ ಕಾಲ್ನಡಿಗೆಯಲ್ಲಿ ಸಂತೆಗೆ ಹೊರಟರು. ದಾರಿಯಲ್ಲಿ ಮೊಲಗಳು ಎಂದಿನಂತೆ ಸಾಲಾಗಿ ನಿಂತಿದ್ದವು.

"ಏನು ಮೊನೆಯಪ್ಪಣ್ಣ, ಹೋದ ವಾರದ ಸಂತೆಗೆ ಹೊರಟ್ಯಾ?"

"ಇಲ್ಲ ಕಣ್ರೋ," ಎಂದು ಮೊನೆಯಪ್ಪ ನಕ್ಕ. "ಮುಂದಿನ ವಾರದ್ದಕ್ಕೆ. ಈಗಲೇ ಹೊರಟಿದ್ದೀನಿ."

ಈ ಸಲ ಮನೆಗೆ ಬಂದ ಮೇಲೂ ಅವನು ನಗುತ್ತಲೇ ಇದ್ದ.

ನೀತಿ: ಹೊರಗಿನ ಥಳುಕಿಗೆ ಮರುಳಾಗದೆ ಬಲ್ಲವರಿಗೆ ತೋರಿಸಿ ಕೊಳ್ಳಬೇಕು. ಮೋಸ ಹೋದರೆ ನಾಚಿಕೊಂಡು ಮುಚ್ಚಿಡದೆ ಬಾಯಿಬಿಟ್ಟು ಹೇಳಬೇಕು. ನಮ್ಮ ಮೌನವೇ ಮೋಸಗಾರನ ಬಂಡವಾಳ.