ಕುಂಬಾರನ ಸುಗಂಧರಾಜ

"ಗುರುಗಳೇ, ಒಂದಕ್ಷರವನ್ನೂ ಬಿಡದೆ ಕಾಪಾಡಿಕೊಂಡು ಬಂದದ್ದೂ ಏಕೆ ಬಾಡುತ್ತದೆ?" ಎಂದು ಕಲ್ಲಯ್ಯ ಕೇಳಿದ.

ಕಲ್ಲಯ್ಯ ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಗುರು ಆಡಿದ ಮಾತನ್ನೆಲ್ಲ ಅಂದಂದೇ ಬರೆದಿಡುತ್ತಿದ್ದ. ಹಾಗೆ ಏಳು ಪುಸ್ತಕಗಳು ತುಂಬಿದ್ದವು. ದಿನವೂ ಬೆಳಿಗ್ಗೆ ಎದ್ದು ಅವನ್ನು ಓದುತ್ತಿದ್ದ. ಮೊದಲ ವರ್ಷ ಓದುವಾಗ ಕಣ್ಣು ತುಂಬುತ್ತಿತ್ತು, ಈಗ ಆಕಳಿಕೆ ಬರುತ್ತಿತ್ತು. ಹೀಗೇ ಆದರೆ ಒಂದು ದಿನ ಮಠ ಬಿಟ್ಟು ಹೊರಟೇಬಿಡುತ್ತೇನೇನೋ ಎಂಬ ಹೆದರಿಕೆ ಅವನಿಗಿತ್ತು. ಅದನ್ನೂ ಮುಚ್ಚಿಡದೆ ಹೇಳಿದ.

ಗುರು ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಹೆಸರು ಬೇಡ, ಅವನ ಮೊಮ್ಮಕ್ಕಳು ಈಗಲೂ ಸಂತೆಯಲ್ಲಿ ಎದುರಾಗುತ್ತಾರೆ. ಕೆಲಸದಲ್ಲಿ ಅವನದು ಎತ್ತಿದ ಕೈ. ಆದರೆ ಒಂದು ಚಾಳಿ, ಏನನ್ನೂ ಬಿಸಾಡುತ್ತಿರಲಿಲ್ಲ. ಸುಡುವಾಗ ಸೀಳಿದ ಮಡಕೆ, ಬಾಯಿ ಮುಕ್ಕಾದ ಕುಡಿಕೆ, ಸೊಟ್ಟಗಾದ ಹೂಜಿ, ಎಲ್ಲವೂ ಮನೆಯೊಳಗೇ. ಇರಲಿ, ಯಾವುದಕ್ಕಾದರೂ ಬಂದೀತು ಎನ್ನುತ್ತಿದ್ದ. ಪಾಪ, ಅವನ ಹೆಂಡತಿಗೆ ಒಲೆಯ ಮುಂದೆ ಕುಳಿತರೆ ಕಾಲು ಚಾಚಲು ಜಾಗವಿರಲಿಲ್ಲ. ಒಂದು ದಿನ ತಡೆಯಲಾರದೆ ಬಾಯಿಬಿಟ್ಟು ಹೇಳಿದಳು. ಜಾಗ ಸಾಲದಿದ್ದರೆ ತವರಿಗೆ ಹೋಗು ಎಂದುಬಿಟ್ಟ ಪುಣ್ಯಾತ್ಮ. ಮರುಗಳಿಗೆಯಲ್ಲೇ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳು ಗಂಟು ಕಟ್ಟಿಯಾಗಿತ್ತು.

ಹೊರಡುವ ಮೊದಲು ಅವಳು ಹಿತ್ತಿಲಿಗೆ ಹೋಗಿ ಮೂರು ಸುಗಂಧರಾಜದ ಕಡ್ಡಿಗಳನ್ನು ಕೊಯ್ದು ತಂದಳು. ಕೆಳಗಿನ ಒಂದೆರಡು ಹೂ ಅರಳಿದ್ದವು, ಮೇಲೆಲ್ಲ ಮೊಗ್ಗು. ಎತ್ತರದ ಹೂಜಿಗೆ ನೀರು ತುಂಬಿ ಅವನ್ನು ನಿಲ್ಲಿಸಿದಳು.

"ಒಂಬತ್ತನೆಯ ದಿನ ಬರುತ್ತೇನೆ. ಇದರಲ್ಲಿ ಹೂ ನಗುತ್ತಿದ್ದರೆ ಇರುತ್ತೇನೆ. ಬಾಡಿದ್ದರೆ ಉಳಿದ ಸೀರೆಯನ್ನೂ ತೆಗೆದುಕೊಂಡು ಹೋಗುತ್ತೇನೆ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಕುಂಬಾರ ಹೂಜಿಯನ್ನು ಮನೆಯಲ್ಲೇ ಒಳ್ಳೆಯ ಜಾಗದಲ್ಲಿಟ್ಟ. ಅದು ದೇವರ ಗೂಡಿನ ಮುಂದೆ, ಮಾಗಿದ ಬಾಳೆಗೊನೆಯ ಪಕ್ಕ. ನೀರನ್ನಂತೂ ಚೆಲ್ಲಲೇ ಇಲ್ಲ. ಅವನ ಕಸುಬು ಕಲಿಸಿದ್ದು ಹಾಗೆ. ಮಣ್ಣು ನೆನೆದು, ಹುಳಿತು, ನಾರಿದಷ್ಟೂ ಹದವಾಗುತ್ತದೆ, ಚಕ್ರದ ಮೇಲೆ ಹೇಳಿದ ಮಾತು ಕೇಳುತ್ತದೆ. ಹೂವಿಗೂ ಹಳೆಯ ನೀರೇ ಮೇಲೆಂದುಕೊಂಡು, ಇಂಗಿದಷ್ಟನ್ನು ಮೇಲಿನಿಂದ ತುಂಬಿಸುತ್ತಿದ್ದ. ಮೂರನೆಯ ದಿನ ಹೂಜಿ ಗಬ್ಬೆಂದು ನಾರಿತು. ಕೆಳಗಿನ ಹೂ ಕಂದಿ ಅಂಟಿಕೊಂಡಿತು, ಮೊಗ್ಗುಗಳು ತಲೆ ಬಗ್ಗಿಸಿದವು. ಅವನಿಗೆ ಅಳುವೇ ಬಂತು. ಹೂವಾಡಗಿತ್ತಿಯ ಮನೆಗೆ ಓಡಿದ.

ಹೂವಾಡಗಿತ್ತಿ ಬಂದವಳೇ ಮೂಗಿಗೆ ಸೆರಗು ಹಿಡಿದಳು. ಮೊದಲು ಈ ಗೊಬ್ಬರ ಚೆಲ್ಲು, ಹೂಜಿಯ ಒಳಗನ್ನು ಉಜ್ಜಿ ತೊಳೆ ಎಂದಳು. ಬಾಳೆಗೊನೆಯನ್ನು ಆಚೆಗೆ ಒಯ್ಯಲು ಹೇಳಿದಳು, ಮಾಗಿದ ಹಣ್ಣಿನ ಗಾಳಿಗೆ ಹೂ ಬೇಗ ಸೋಲುತ್ತದಂತೆ. ನೀರಿನಲ್ಲಿ ಮುಳುಗುವ ಎಲೆ ತೆಗೆಯಬೇಕು, ಬಾಡಿದ ಹೂ ಕೀಳಬೇಕು, ದಿನವೂ ಹೊಸ ನೀರು ಕೊಡಬೇಕು. ನೀರು ಕುಡಿದು ಕುಡಿದು ಕಡ್ಡಿಯ ಬುಡ ಕಟ್ಟಿಕೊಳ್ಳುತ್ತದೆ, ಆದ್ದರಿಂದ ದಿನವೂ ಹರಿತವಾದ ಈಳಿಗೆಯಲ್ಲಿ ಬುಡವನ್ನು ಒಂದು ಬೆರಳಷ್ಟು ಓರೆಯಾಗಿ ಕೊಯ್ಯಬೇಕು.

ಉಳಿದದ್ದಕ್ಕೆಲ್ಲ ತಲೆಯಾಡಿಸಿದ ಕುಂಬಾರ ಕೊಯ್ಯುವ ಮಾತಿಗೆ ಬೆಚ್ಚಿದ. ಹೆಂಡತಿ ಇಟ್ಟುಹೋದದ್ದು ಮೊಳದುದ್ದದ ಕಡ್ಡಿ, ಬಂದಾಗ ಗೇಣುದ್ದ ಕಂಡರೆ ಏನೆಂದುಕೊಂಡಾಳು ಎಂದು ಗೋಗರೆದ.

"ನಿನ್ನ ಹೆಂಡತಿ ನಿನ್ನನ್ನು ಹೂ ಕಾಯಲು ಹಚ್ಚಿದಳೋ, ಕಡ್ಡಿ ಕಾಯಲು ಹಚ್ಚಿದಳೋ?" ಎಂದು ಕೇಳಿ ಹೂವಾಡಗಿತ್ತಿ ನಡೆದೇಬಿಟ್ಟಳು.

ಕುಂಬಾರ ಕಣ್ಣು ಮುಚ್ಚಿಕೊಂಡು ಮೊದಲ ಸಲ ಕೊಯ್ದ. ಸಂಜೆಗೆ ಮೊಗ್ಗುಗಳು ತಲೆ ಎತ್ತಿದವು. ಮರುದಿನ ಕಣ್ಣು ಬಿಟ್ಟುಕೊಂಡೇ ಕೊಯ್ದ. ಕೆಳಗಿನದನ್ನು ಕಿತ್ತಷ್ಟೂ ಮೇಲಿನದು ಅರಳುತ್ತಿತ್ತು. ಅವನಿಗೆ ಖುಷಿಯೋ ಖುಷಿ, ಕೆಲಸದ ನಡುವೆ ಎದ್ದು ಎದ್ದು ಬಂದು ನೋಡುತ್ತಿದ್ದ.

ಎಂಟನೆಯ ದಿನದ ಹೊತ್ತಿಗೆ ಕಡ್ಡಿಗಳು ಎಷ್ಟು ಗಿಡ್ಡವಾದವೆಂದರೆ ಎತ್ತರದ ಹೂಜಿಯೊಳಗೆ ಮುಳುಗಿಹೋದವು. ಪುಟ್ಟ ಪಾತ್ರೆಯೊಂದು ಬೇಕಾಯಿತು. ಅವನ ಮನೆಯಲ್ಲಿ ಪಾತ್ರೆಗೇನು ಬರ? ಒಂದೊಂದನ್ನೇ ಎಳೆದು ನೀರು ಹೊಯ್ದು ನೋಡಿದ. ಒಂದು ಸೋರಿತು, ಇನ್ನೊಂದು ಸೋರಿತು, ಮತ್ತೊಂದು ಕೈಯಲ್ಲೇ ಹೋಳಾಯಿತು. ಯಾವುದಕ್ಕಾದರೂ ಬಂದೀತೆಂದು ಕಾದಿಟ್ಟದ್ದರಲ್ಲಿ ಬೇಕಾದ ದಿನ ಒಂದೂ ಒದಗಲಿಲ್ಲ. ಕುಂಬಾರ ತನಗೆ ತಾನೇ ಬೈದುಕೊಂಡ. ಸೋರಿದ್ದನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕಿ ಒಡೆದ, ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸಿದ. ರಾಶಿಯ ತಳದಲ್ಲಿ ಒಂದೇ ಒಂದು ಗಟ್ಟಿ ಕುಡಿಕೆ ಸಿಕ್ಕಿತು. ಮದುವೆಯಾದ ವರ್ಷ ಮೊಸರು ಹೆಪ್ಪು ಹಾಕಲೆಂದು ಅವಳಿಗೆ ಮಾಡಿಕೊಟ್ಟ ಕುಡಿಕೆ ಅದು. ಎಲ್ಲಿದೆ ಎಂದು ಅವಳು ಎಷ್ಟು ಸಲ ಕೇಳಿದ್ದಳೋ, ಇಲ್ಲೇ ಎಲ್ಲೋ ಇದೆ ಎಂದು ಇವನು ಅಷ್ಟು ಸಲ ಹೇಳಿದ್ದ.

ಒಂಬತ್ತನೆಯ ದಿನ ಅವಳು ಬಂದಳು. ಕುಂಬಾರ ಬಾಗಿಲ ಸಂದಿಯಲ್ಲಿ ನಿಂತಿದ್ದ. ಅವಳು ಖಾಲಿಯಾದ ಮನೆಯನ್ನು ನೋಡಿದಳು. ಕುಡಿಕೆಯನ್ನು ನೋಡಿದಳು. ಅದರಲ್ಲಿ ತುದಿಯ ಮೊಗ್ಗುಗಳು ಅರಳಿ ಘಮಘಮಿಸುತ್ತಿದ್ದವು. ಒಲೆಯ ಮುಂದೆ ಕುಳಿತು ಎರಡೂ ಕಾಲು ಚಾಚಿದಳು. ಆಮೇಲೆ ಆ ಹೂಗಳನ್ನು ಬಿಡಿಸಿ ಮುಡಿದುಕೊಂಡಳು.

"ಕುಡಿಕೆ ತೊಳೆದು ಕೊಡು, ಹೆಪ್ಪು ಹಾಕಬೇಕು" ಎಂದಳು.

ಕುಂಬಾರ ಕುಡಿಕೆ ಹಿಡಿದು ಬಾವಿಯ ಕಟ್ಟೆಗೆ ಓಡಿದ.

ಗುರು ಇಷ್ಟು ಹೇಳಿ ಎಲೆಗೆ ಸುಣ್ಣ ಸವರಿದರು. ಕಲ್ಲಯ್ಯ ಮನಸಾರೆ ನಕ್ಕ. ಇಂಥದ್ದನ್ನು ಕೇಳಿ ಎಷ್ಟು ಕಾಲವಾಯಿತು ಎನ್ನಿಸಿತು ಅವನಿಗೆ. ನಗುತ್ತಲೇ ಚೀಲಕ್ಕೆ ಕೈ ಹಾಕಿ ಎಂಟನೆಯ ಪುಸ್ತಕವನ್ನು ತೆಗೆದು, ಹೊಸ ಹಾಳೆ ತಿರುವಿ, ಬರೆಯಲು ಬಗ್ಗಿದ.

ಗುರು ಕೇಳಿದರು, "ಕಲ್ಲಯ್ಯ, ಈ ಮಡಕೆಯನ್ನು ಯಾವ ಮೂಲೆಯಲ್ಲಿಡುತ್ತೀ?"