ಬಡಿಸುವವನ ಊಟ

ಮಠದ ಊಟದ ಪಂಕ್ತಿ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಕೆಂಪಜ್ಜ ಕೈ ಹಿಡಿದುಕೊಂಡು ನರಳುತ್ತಿದ್ದರು.

ಇನ್ನೊಂದು ಸಲ ಸಾರು ಕೇಳಿದ್ದಕ್ಕೆ, ಬಡಿಸುತ್ತಿದ್ದ ಶಿಷ್ಯ ಮುರಿಗಯ್ಯ ಬಿಸಿ ಸೌಟಿನಿಂದಲೇ ಅವರ ಕೈಗೆ ಹೊಡೆದಿದ್ದ.

ಮುರಿಗಯ್ಯ ತನ್ನ ಕೈಯನ್ನೇ ನೋಡುತ್ತಾ ನಿಂತ. ಅದು ತನ್ನದೆಂದು ನಂಬಲಾಗಲಿಲ್ಲ. ಸೌಟು ಎಸೆದು ಗುರುಗಳ ಬಳಿ ಓಡಿದ.

“ಬುದ್ಧೀ, ಎಂಬತ್ತು ವರ್ಷದವರಿಗೆ ಹೊಡೆದುಬಿಟ್ಟೆ! ಬೈಯುವುದಿಲ್ಲ ಎಂದು ಎಷ್ಟು ಸಲ ಆಣೆ ಮಾಡಿದ್ದೆ. ಈಗ ಹೊಡೆದೇಬಿಟ್ಟೆ.”

“ಹೊಡೆಯುವುದಕ್ಕೆ ಮುಂಚೆ ಏನು ಮಾಡುತ್ತಿದ್ದೆ?”

“ಮೂರನೇ ಪಂಕ್ತಿಗೆ ಬಡಿಸುತ್ತಿದ್ದೆ.”

“ಅದಕ್ಕೆ ಮುಂಚೆ?”

“ಮೊದಲೆರಡು ಪಂಕ್ತಿಗೆ. ಅದಕ್ಕೂ ಮುಂಚೆ ಬೆಳಗಿನಿಂದ ಒಲೆಯ ಮುಂದೆ.”

“ನೀನು ಏನು ತಿಂದಿದ್ದೆ?”

ಮುರಿಗಯ್ಯ ತಬ್ಬಿಬ್ಬಾದ. “ಏನೂ ಇಲ್ಲ. ಬಡಿಸುವವನು ಕೊನೆಗೆ ಉಣ್ಣಬೇಕಲ್ಲವೇ? ಮಠದ ಕಟ್ಟಳೆ.”

“ದಿನವೂ ಹೀಗೆಯೇ?”

“ಆರು ವರ್ಷದಿಂದ. ಬುದ್ಧೀ, ಪ್ರಾಯಶ್ಚಿತ್ತಕ್ಕೆ ಮೂರು ದಿನ ಉಪವಾಸ ಮಾಡಲೇ?”

ಗುರುಗಳ ಮುಖ ಬಿಳುಚಿಕೊಂಡಿತು.

“ಉಪವಾಸವೇ?” ಎಂದರು.

ಮರುದಿನ ಭಕ್ತರು ಬರುವ ಮೊದಲೇ ಗುರುಗಳು ಒಂದೇ ಒಂದು ಎಲೆ ಹಾಕಿದರು. ಮುರಿಗಯ್ಯನನ್ನು ಕೂರಿಸಿ ತಾವೇ ಅನ್ನ ಬಡಿಸಿದರು.

ಹಿರಿಯ ಶಿಷ್ಯ ಶಾಂತಪ್ಪ ಬಾಗಿಲಲ್ಲೇ ಬೆಚ್ಚಿ ನಿಂತ. “ಬುದ್ಧೀ! ಕಟ್ಟಳೆ ಮುರಿದಿರಿ! ಅದೂ ಇವನಿಗೋಸ್ಕರ!”

“ಸ್ವಲ್ಪ ಪಕ್ಕಕ್ಕೆ ಸರಿ. ಸಾರು ತರಬೇಕು.”

ಗುರುಗಳು ನೀರು ಕೊಟ್ಟು, ಮುರಿಗಯ್ಯ ಉಂಡು ಏಳುವವರೆಗೆ ಪಕ್ಕದಲ್ಲೇ ಕುಳಿತರು.

ಆ ದಿನ ಮೂರನೇ ಪಂಕ್ತಿಗೆ ಕೆಂಪಜ್ಜ ಬಂದರು. ಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ಎಲೆಯಲ್ಲಿ ಸಾರು ಮುಗಿದರೂ ಬಾಯಿಬಿಟ್ಟು ಕೇಳಲಿಲ್ಲ.

ಮುರಿಗಯ್ಯ ಅವರ ಮುಂದೆ ಬಗ್ಗಿದ. ಕೆಂಪಜ್ಜ ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡರು.

“ಅಜ್ಜಾ, ತಪ್ಪಾಯಿತು. ಇನ್ನೊಂಚೂರು ಹಾಕಲಾ?”

ಅಜ್ಜ ಅವನ ಮುಖವನ್ನೇ ನೋಡಿದರು. ಕೊನೆಗೆ, “ಹಾಕಪ್ಪ” ಎಂದರು.

ಶಾಂತಪ್ಪನಿಗೆ ಸಮಾಧಾನವಾಗಲಿಲ್ಲ. ಗುರುಗಳ ಬಳಿ ಬಂದು ಕೇಳಿದ: “ಮುದುಕರ ಕೈ ಸುಟ್ಟಿದ್ದಕ್ಕೆ ಶಿಕ್ಷೆಯೇ ಇಲ್ಲವೇ, ಬುದ್ಧೀ?”

“ಇದೆ. ಇವತ್ತಿನಿಂದ ಕೊನೆಗೆ ಉಣ್ಣುವವನು ನಾನು.”