ಅಂಗಡಿಯಲ್ಲಿ ಗೀಚಿದ ಹೆಸರು

ಕಾದಂಬರಿ ಬರೆಯುವ ವಾರಿಜಾಕ್ಷಮ್ಮನವರ ಮೇಜಿಗೆ ಹೊಸ ಪೆನ್ನೊಂದು ಬಂತು. ಬಂದದ್ದೇ ತಡ, ಮೂಲೆಯಲ್ಲಿದ್ದ ಹಳೆಯ ಇಂಕ್ ಪೆನ್ನಿಗೆ ಹೇಳಿತು: "ಅಂಗಡಿಯಲ್ಲಿ ಅಮ್ಮನವರು ನನ್ನಿಂದ ಮೊದಲು ಬರೆಸಿದ್ದು ತಮ್ಮ ಹೆಸರನ್ನೇ. ಆ ಹೆಸರು ಬರೆಯಲೆಂದೇ ನಾನು ಹುಟ್ಟಿದ್ದು."

ಹಳೆಯ ಪೆನ್ನು ನಕ್ಕಿತು. "ಪೆನ್ನು ಕೊಳ್ಳುವವರೆಲ್ಲ ಗೀಚಿ ನೋಡುವುದು ಸ್ವಂತ ಹೆಸರನ್ನೇ, ಮರಿ. ನನ್ನಿಂದಲೂ ಹಾಗೇ ಗೀಚಿದ್ದರು. ಮನೆಗೆ ತಂದ ಮೇಲೆ ಬರೆಸಿದ್ದೆಲ್ಲ ಬೇರೆಯವರ ಹೆಸರು. ಬಳೆಗಾರ ಇಮಾಮಸಾಬ, ಗಂಡನ ಮನೆಗೆ ಹೋಗಲೊಲ್ಲದ ಚೆನ್ನವ್ವ... ಎಂಥ ಜನ! ನನ್ನ ಇಂಕು ಮುಗಿದರೂ ಅವರ ಮಾತು ಮುಗಿಯುತ್ತಿರಲಿಲ್ಲ."

"ಹಾಗಾದರೆ ನಾನೇನು ಮಾಡಬೇಕು?"

"ನಿನ್ನ ಹೆಚ್ಚುಗಾರಿಕೆ ಬಿಟ್ಟು ಅವರಿಗೆ ಕಿವಿಗೊಡು."

"ಇಷ್ಟೇನಾ ಉಪದೇಶ!" ಎಂದು ಹೊಸ ಪೆನ್ನು ಮೂಗು ಮುರಿಯಿತು.

ಅಷ್ಟರಲ್ಲಿ ವಾರಿಜಾಕ್ಷಮ್ಮ ಬಂದು ಅದನ್ನು ಕೈಗೆತ್ತಿಕೊಂಡರು. ಮತ್ತೆ ಅವರ ಹೆಸರೇ ಎಂದು ಅದು ಬೀಗಿತು. ಅವರು ಬರೆದದ್ದು ಬೇರೆ: 'ಕೊನೆಯ ಬಸ್ಸು ಹೊರಟುಹೋದ ಮೇಲೂ ತುಂಗಕ್ಕ ನಿಲ್ದಾಣದ ಕಲ್ಲುಬೆಂಚಿನಿಂದ ಏಳಲಿಲ್ಲ.' ಹೊಸ ಪೆನ್ನು ಮುಂದಿನ ಸಾಲಿಗೆ ಓಡಿತು, ಅದರ ಮುಂದಿನದಕ್ಕೂ ಓಡಿತು.

ಹಳೆಯ ಪೆನ್ನಿಗೆ ತಡೆಯಲಾಗಲಿಲ್ಲ. "ಯಾರಪ್ಪಾ ಆ ತುಂಗಕ್ಕ? ಯಾಕಂತೆ ಏಳಲಿಲ್ಲ?"

"ಶ್! ಸುಮ್ಮನಿರಿ," ಎಂದಿತು ಹೊಸ ಪೆನ್ನು. "ಈಗ ತಾನೇ ಹೇಳಲು ಶುರುಮಾಡಿದ್ದಾಳೆ."

ಹಳೆಯ ಪೆನ್ನು ಬೇಸರಪಡಲಿಲ್ಲ. ಚೆನ್ನವ್ವ ಮೊದಲ ಸಲ ಮಾತಾಡಿದ ದಿನ, ತಾನೂ ಹೀಗೆಯೇ ಹೇಳಿ ಇಂಕಿನ ಬಾಟಲಿಯ ಬಾಯಿ ಮುಚ್ಚಿಸಿದ್ದು ಅದಕ್ಕೆ ನೆನಪಾಯಿತು.